ಜಾನ್ ಹ್ಯೂಬರ್ಟ್ ಪ್ಲಂಕೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಪ್ಲಂಕೆಟ್?

ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಒಬ್ಬ ವಕೀಲರು. ನ್ಯೂ ಸೌತ್ ವೇಲ್ಸ್ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ಇಪ್ಪತ್ತು ವರ್ಷ ಅಲ್ಲಿನ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು, ಆಗಿದ್ದರು. ಆಮೇಲೆ ಚುನಾವಣೆಗೆ ನಿಂತು ಗೆದ್ದರು, ಮೇಲ್ಮನೆಯ ಸಭಾಪತಿಯಾದರು, ಸಿಡ್ನಿ ವಿಶ್ವವಿದ್ಯಾಲಯದ ವೈಸ್ ಚಾನ್ಸೆಲರ್ ಕೂಡ ಆದರು. ಆದರೆ ನಾನು ಅವರ ಬಗ್ಗೆ ಬರೆಯಲು ಕೂತಿದ್ದು ಈ ಪದವಿಗಳಿಗಾಗಿ ಅಲ್ಲ. 1838ರ ನವೆಂಬರಿನಲ್ಲಿ ಅವರು ಸೋತ ಒಂದು ಕೇಸನ್ನು ಬಿಡದೆ ಎರಡೇ ವಾರದಲ್ಲಿ ಮತ್ತೆ ಕೋರ್ಟಿಗೆ ತಂದರು. ಅದಕ್ಕಾಗಿ.

ಎಲ್ಲಿ ಹುಟ್ಟಿದರು? ಎಂಥ ಮನೆತನ?

1802ರ ಜೂನ್‌ನಲ್ಲಿ, ಐರ್ಲೆಂಡಿನ ರಾಸ್ಕಾಮನ್ ಜಿಲ್ಲೆಯಲ್ಲಿ. ಊರಿನ ಹೆಸರೇ ಮೌಂಟ್ ಪ್ಲಂಕೆಟ್. ಅವಳಿ ಮಕ್ಕಳಲ್ಲಿ ಇವರು ಕಿರಿಯರು. ಹಳೆಯ ಕ್ಯಾಥೊಲಿಕ್ ಮನೆತನ. ಬಡವರೇನಲ್ಲ. ಆದರೆ ಆಗಿನ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಆಗಿ ಹುಟ್ಟಿದರೆ ಎಷ್ಟು ಓದಿದರೂ ತಲೆಗೆ ಮೇಲಿನ ಹೊಸ್ತಿಲು ತಗಲುತ್ತಿತ್ತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕ್ಯಾಥೊಲಿಕ್ ಹುಡುಗ ಓದಬಹುದಿತ್ತು, ಡಿಗ್ರಿಯನ್ನೂ ಪಡೆಯಬಹುದಿತ್ತು. ಆದರೆ ಅಲ್ಲೇ ಫೆಲೋ (ಕಾಲೇಜಿನ ಖಾಯಂ ಅಧ್ಯಾಪಕ ಸದಸ್ಯ) ಆಗುವ ಹಾಗಿರಲಿಲ್ಲ. ವಕೀಲನಾಗಬಹುದಿತ್ತು. ದೊಡ್ಡ ಸರ್ಕಾರಿ ವಕೀಲಿ ಹುದ್ದೆ ಸಿಗುತ್ತಿರಲಿಲ್ಲ. ಪಾರ್ಲಿಮೆಂಟಿನಲ್ಲಿ ಕೂರುವ ಮಾತಂತೂ ದೂರ.

ಪ್ಲಂಕೆಟ್ 1824ರಲ್ಲಿ ಟ್ರಿನಿಟಿಯಿಂದ ಬಿ.ಎ. ಮುಗಿಸಿದರು. 1826ರಲ್ಲಿ ವಕೀಲರಾಗಿ ಸೇರಿಕೊಂಡು ಐರ್ಲೆಂಡಿನ ಪಶ್ಚಿಮದ ಕನಾಟ್ ಭಾಗದ ಕೋರ್ಟುಗಳಲ್ಲಿ ಆರು ವರ್ಷ ಓಡಾಡಿದರು. ಡೇನಿಯಲ್ ಓಕಾನೆಲ್ ಕ್ಯಾಥೊಲಿಕರ ಹಕ್ಕಿಗಾಗಿ ನಡೆಸುತ್ತಿದ್ದ ಚಳವಳಿ ಆಗ ಜೋರಾಗಿತ್ತು. ಪ್ಲಂಕೆಟ್ ಅದರ ಜೊತೆ ನಿಂತವರು. 1829ರಲ್ಲಿ ಕಾನೂನು ಬದಲಾಯಿತು, ಬಾಗಿಲು ತೆರೆಯಿತು. ಮೂರು ವರ್ಷದೊಳಗೆ ಇವರು ಹಡಗು ಹತ್ತಿದ್ದರು.

ಐರಿಶ್ ಅಂದರೆ ಕೈದಿಯಾಗಿ ಬಂದವರಾ?

ಅಲ್ಲ. ಈ ಪ್ರಶ್ನೆ ಬರುವುದು ಸಹಜ. ಆಗಿನ ನ್ಯೂ ಸೌತ್ ವೇಲ್ಸ್ ಗಡಿಪಾರಾದ ಕೈದಿಗಳ ನಾಡು, ಅವರಲ್ಲಿ ಐರಿಶರು ಬಹಳ. ಆದರೆ ಪ್ಲಂಕೆಟ್ ಬಂದದ್ದು ಸರ್ಕಾರದ ನೇಮಕದ ಮೇಲೆ, ಸಾಲಿಸಿಟರ್ ಜನರಲ್ ಆಗಿ, ಅಂದರೆ ಅಟಾರ್ನಿ ಜನರಲ್ ಕೆಳಗಿನ ಸರ್ಕಾರಿ ವಕೀಲರಾಗಿ. 1832ರ ಜೂನ್‌ನಲ್ಲಿ ಸೌತ್‌ವರ್ತ್ ಎಂಬ ಹಡಗಿನಲ್ಲಿ ಹೆಂಡತಿಯ ಜೊತೆ ಸಿಡ್ನಿಯಲ್ಲಿ ಇಳಿದರು. ಅದೇ ಹಡಗಿನಲ್ಲಿ ಜಾನ್ ಮೆಕೆನ್‌ಕ್ರೋ ಎಂಬ ಐರಿಶ್ ಪಾದ್ರಿ ಇದ್ದರು. ಅವರಿಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

ಆಗ ಅಟಾರ್ನಿ ಜನರಲ್ ಆಗಿದ್ದ ಜಾನ್ ಕಿಂಚೆಲಾ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕೋರ್ಟಿನಲ್ಲಿ ಕಿವಿ ಕೇಳದ ವಕೀಲರ ಪಾಡು ಊಹಿಸಿಕೊಳ್ಳಿ. ಹಾಗಾಗಿ ಬಂದ ದಿನದಿಂದಲೇ ಇಬ್ಬರ ಕೆಲಸ ಪ್ಲಂಕೆಟ್ ತಲೆಗೆ ಬಿತ್ತು. 1836ರಲ್ಲಿ ಆ ಹುದ್ದೆಯೂ ಅವರದಾಯಿತು.

ಅಟಾರ್ನಿ ಜನರಲ್‌ಗೆ ಅಷ್ಟೊಂದು ಅಧಿಕಾರ ಇತ್ತಾ?

ಇತ್ತು, ಈಗಿನದಕ್ಕಿಂತ ಜಾಸ್ತಿ. ಇಂಗ್ಲೆಂಡಿನಲ್ಲಿ ಯಾರ ಮೇಲೆ ದೊಡ್ಡ ಕೇಸು ನಡೆಸಬೇಕು ಅನ್ನುವುದನ್ನು ಮೊದಲು ಊರ ಪ್ರಮುಖರ ಒಂದು ಜ್ಯೂರಿ ತೀರ್ಮಾನಿಸುತ್ತಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ವ್ಯವಸ್ಥೆ ಇರಲಿಲ್ಲ. (ವಿಚಾರಣೆ ಕೇಳಿ ತೀರ್ಪು ಹೇಳುವ ಹನ್ನೆರಡು ಜನರ ಜ್ಯೂರಿ ಬೇರೆ, ಅದು ಇತ್ತು.) ಅಟಾರ್ನಿ ಜನರಲ್ ಸಹಿ ಹಾಕಿದರೆ ಕೇಸು ಉಂಟು, ಇಲ್ಲವಾದರೆ ಇಲ್ಲ. ಜೊತೆಗೆ ಗವರ್ನರ್ ತರಬೇಕೆಂದಿದ್ದ ಕಾನೂನನ್ನು ಬರೆದುಕೊಡುವುದೂ, ಶಾಸನ ಸಭೆಯಲ್ಲಿ ಕೂತು ಅದನ್ನು ಸಮರ್ಥಿಸುವುದೂ ಅವರದೇ ಕೆಲಸ. ಮುಂದಿನ ಕಥೆಗೆ ಈ ಮಾತು ನೆನಪಿರಲಿ.

ಮೈಯಲ್ ಕ್ರೀಕ್‌ನಲ್ಲಿ ಏನಾಯಿತು?

ಓದಲು ಕಷ್ಟವಾಗುವ ಸಂಗತಿ. ಆದರೂ ಹೇಳಲೇಬೇಕು.

ಸಿಡ್ನಿಯಿಂದ ಉತ್ತರಕ್ಕೆ ಬಹಳ ದೂರದಲ್ಲಿ, ಗ್ವೈಡರ್ ನದಿಯ ಕಡೆ, ಹೆನ್ರಿ ಡೇಂಗರ್ ಎಂಬ ದೊಡ್ಡ ಜಮೀನುದಾರರ ದನದ ದೊಡ್ಡಿ ಇತ್ತು. ಅಲ್ಲಿ ಕೆಲವು ವಾರಗಳಿಂದ ವಿರಯರಾಯ್ ಎಂಬ ಮೂಲನಿವಾಸಿ ಜನ ಬೀಡುಬಿಟ್ಟಿದ್ದರು. ಅವರು ಗಮಿಲರಾಯ್ ಭಾಷೆಯ ಜನ. ದೊಡ್ಡಿಯ ಆಳುಗಳ ಜೊತೆ ಅವರಿಗೆ ಸಲಿಗೆ ಬೆಳೆದಿತ್ತು. ಆಳುಗಳು ಅವರಿಗೆ ಡ್ಯಾಡಿ, ಸ್ಯಾಂಡಿ, ಮಾರ್ಥಾ, ಚಾರ್ಲಿ ಅಂತೆಲ್ಲ ಹೆಸರಿಟ್ಟು ಕರೆಯುತ್ತಿದ್ದರು.

1838ರ ಜೂನ್ 10, ಭಾನುವಾರ. ದೊಡ್ಡಿಯ ಮೇಲ್ವಿಚಾರಕ ವಿಲಿಯಂ ಹಾಬ್ಸ್ ಊರಲ್ಲಿರಲಿಲ್ಲ. ವಿರಯರಾಯ್ ಯುವಕರು ಮರದ ತೊಗಟೆ ಕಡಿಯುವ ಕೆಲಸಕ್ಕೆ ಬೇರೆ ಕಡೆ ಹೋಗಿದ್ದರು. ಉಳಿದವರು ಮುದುಕರು, ಹೆಂಗಸರು, ಮಕ್ಕಳು. ಕುದುರೆ ಮೇಲೆ, ಬಂದೂಕು ಕತ್ತಿ ಹಿಡಿದು ಗುಂಪೊಂದು ಬಂತು. ಹೆದರಿದ ಜನ ರಕ್ಷಣೆಗೆ ಅಂತ ಆಳುಗಳ ಗುಡಿಸಲಿನೊಳಗೆ ಓಡಿದರು. ಬಂದವರು ಅವರನ್ನು ಹೊರಗೆಳೆದು, ಒಂದು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿ ಎಳೆದುಕೊಂಡು ಹೋದರು. ಗುಡಿಸಲು ಕಾಯುತ್ತಿದ್ದ ಜಾರ್ಜ್ ಆ್ಯಂಡರ್ಸನ್ ಎಂಬ ಕೈದಿ ಆಳು (ಜಮೀನುದಾರರ ಕೆಲಸಕ್ಕೆ ಸರ್ಕಾರ ಕೊಟ್ಟ ಕೈದಿ) ಅವರ ಜೊತೆ ಸೇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಕೇಳಿಸಿದ್ದು ಎರಡೇ ಗುಂಡಿನ ಸದ್ದು. ಉಳಿದದ್ದೆಲ್ಲ ಕತ್ತಿಯಲ್ಲೇ ಮುಗಿದಿತ್ತು. ಸುಮಾರು 28 ಜನ. ಎರಡು ದಿನದ ಮೇಲೆ ಅದೇ ಗುಂಪು ಬಂದು ಹೆಣಗಳನ್ನು ಸುಟ್ಟಿತು.

ಆ್ಯಂಡರ್ಸನ್ ಜೊತೆಗಾರ ಚಾರ್ಲ್ಸ್ ಕಿಲ್ಮೈಸ್ಟರ್ ಕೂಡ ಅದೇ ದೊಡ್ಡಿಯ ಆಳು, ಆ ಜನರ ಜೊತೆ ಚೆನ್ನಾಗಿಯೇ ಇದ್ದವನು. ಆ ದಿನ ಅವನೂ ಕೊಲ್ಲುವವರ ಜೊತೆ ಕುದುರೆ ಏರಿ ಹೋದ. ಈ ಕೇಸಿನಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ಸಂಗತಿ ಇದು.

ವಿಷಯ ಹೊರಗೆ ಬಂದದ್ದು ಹೇಗೆ?

ಹಾಬ್ಸ್ ವಾಪಸ್ ಬಂದರು. ಜಾಗಕ್ಕೆ ಹೋಗಿ ನೋಡಿದರು, ಎಣಿಸಲು ಪ್ರಯತ್ನಿಸಿದರು, ಕಾಗದ ಬರೆದರು. ನೆರೆಯ ಫ್ರೆಡರಿಕ್ ಫೂಟ್ ಎಂಬವರು ಸಿಡ್ನಿವರೆಗೆ ಸುದ್ದಿ ಒಯ್ದರು. ಗವರ್ನರ್ ಜಾರ್ಜ್ ಗಿಪ್ಸ್ ತನಿಖೆಗೆ ಆದೇಶ ಮಾಡಿದರು. ಎಡ್ವರ್ಡ್ ಡೆನಿ ಡೇ ಎಂಬ ಮ್ಯಾಜಿಸ್ಟ್ರೇಟ್ (ಇವರೂ ಐರಿಶ್) ಪೊಲೀಸರೊಂದಿಗೆ ವಾರಗಟ್ಟಲೆ ಕುದುರೆ ಮೇಲೆ ತಿರುಗಿ ಗುಂಪಿನ ಹನ್ನೆರಡು ಜನರಲ್ಲಿ ಹನ್ನೊಂದು ಜನರನ್ನು ಹಿಡಿದರು. ಹನ್ನೊಂದು ಜನರೂ ಕೈದಿಗಳು ಅಥವಾ ಹಿಂದೆ ಕೈದಿಗಳಾಗಿದ್ದವರು. ತಪ್ಪಿಸಿಕೊಂಡವನು ಜಾನ್ ಫ್ಲೆಮಿಂಗ್, ಗುಂಪಿನ ಮುಂದಾಳು. ಅವನೊಬ್ಬನೇ ವಸಾಹತಿನಲ್ಲೇ ಸ್ವತಂತ್ರನಾಗಿ ಹುಟ್ಟಿದ ಜಮೀನುದಾರ ಮನೆಯವನು.

ಹಾಬ್ಸ್ ಈ ಸಾಕ್ಷಿಗಾಗಿ ಕೆಲಸ ಕಳೆದುಕೊಂಡರು. ಡೇಂಗರ್ ಅವರನ್ನು ತೆಗೆದುಹಾಕಿದರು. ಜಮೀನುದಾರರೆಲ್ಲ ಸೇರಿ ದುಡ್ಡು ಹಾಕಿ ಆರೋಪಿಗಳಿಗೆ ಸಿಡ್ನಿಯ ಒಳ್ಳೊಳ್ಳೆ ವಕೀಲರನ್ನು ಇಟ್ಟರು.

ಮೊದಲ ವಿಚಾರಣೆಯಲ್ಲಿ ಸೋತದ್ದೇಕೆ?

1838ರ ನವೆಂಬರ್ 15ರಂದು ಮುಖ್ಯ ನ್ಯಾಯಾಧೀಶ ಜೇಮ್ಸ್ ಡೌಲಿಂಗ್ ಮುಂದೆ ಹನ್ನೊಂದು ಜನರನ್ನೂ ನಿಲ್ಲಿಸಲಾಯಿತು. ಸರ್ಕಾರದ ಕಡೆ ಪ್ಲಂಕೆಟ್, ಅವರ ಜೊತೆ ರೋಜರ್ ಥೆರಿ ಎಂಬ ಇನ್ನೊಬ್ಬ ಐರಿಶ್ ಕ್ಯಾಥೊಲಿಕ್ ವಕೀಲರು. ಆರೋಪ ಡ್ಯಾಡಿ ಎಂಬ ಮುದುಕನ ಕೊಲೆಯದು. ಡ್ಯಾಡಿ ಎತ್ತರದ, ದಪ್ಪ ಮೈಯ ಮನುಷ್ಯ, ಗುರುತು ಸಿಗುವಂಥವನು. ಅದಕ್ಕೇ ಆ ಹೆಸರು ಆರಿಸಿದ್ದರು. ಆದರೆ ಹೆಣಗಳು ಸುಟ್ಟು ಹೋಗಿದ್ದವು. ಬೂದಿಯಲ್ಲಿ ಕಂಡ ದೇಹ ಡ್ಯಾಡಿಯದೇ ಅಂತ ಪ್ರಮಾಣ ಮಾಡಿ ಹೇಳುವುದು ಹೇಗೆ? ಎದುರು ವಕೀಲರು ಹಿಡಿದದ್ದು ಅದನ್ನೇ.

ಸಾಕ್ಷಿಯ ತೊಡಕು ಒಂದು ನೆಪ ಅಷ್ಟೇ ಅನ್ನಿ. ಜ್ಯೂರಿ ಹದಿನೈದು ನಿಮಿಷದಲ್ಲಿ ತಪ್ಪಿತಸ್ಥರಲ್ಲ ಅಂತ ಹೇಳಿಬಿಟ್ಟಿತು. ಕರಿಯರನ್ನು ಕೊಂದದ್ದಕ್ಕೆ ಬಿಳಿಯನಿಗೆ ನೇಣು ಕೊಡಿಸಲು ತನಗೆ ಮನಸ್ಸಿರಲಿಲ್ಲ ಅಂತ ಜ್ಯೂರಿಯಲ್ಲಿದ್ದವನೊಬ್ಬ ಆಮೇಲೆ ಹೇಳಿದ ಮಾತು ಪೇಪರಿನಲ್ಲೂ ಬಂತು.

ಒಮ್ಮೆ ಬಿಡುಗಡೆಯಾದವರನ್ನು ಮತ್ತೆ ಹೇಗೆ ಕಟಕಟೆಗೆ ತಂದರು? ಅದು ಕಾನೂನುಬದ್ಧವೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಪ್ಲಂಕೆಟ್ ಎಂಥ ವಕೀಲರು ಅಂತ ಗೊತ್ತಾಗುವುದೂ ಇಲ್ಲೇ.

ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಿಸುವ ಹಾಗಿಲ್ಲ. ಆಗಿನ ಕಾನೂನಿನ ಮೂಲ ನಿಯಮ ಅದು. ಆದರೆ ಮೊದಲ ಕೇಸು ಡ್ಯಾಡಿಯ ಸಾವಿನದು ಮಾತ್ರ. ಅಲ್ಲಿ ಸತ್ತವರು ಒಬ್ಬರಲ್ಲ, ಸುಮಾರು 28 ಜನ. ಒಬ್ಬೊಬ್ಬರ ಸಾವೂ ಒಂದೊಂದು ಕೊಲೆ. ತೀರ್ಪು ಬಂದ ಕೂಡಲೇ ಪ್ಲಂಕೆಟ್ ಎದ್ದು ನಿಂತು, ಇವರನ್ನು ಬಿಡಬೇಡಿ, ಬೇರೆ ಆರೋಪಗಳಿವೆ ಅಂತ ಕೇಳಿಕೊಂಡರು. ಹನ್ನೊಂದು ಜನರೂ ಮತ್ತೆ ಜೈಲಿಗೆ ಹೋದರು. ಅವರ ಕಡೆಯವರು ಸಂಭ್ರಮಿಸಲು ಬಂದಿದ್ದ ಹೊತ್ತು ಅದು.

ಈ ಸಲ ಪ್ಲಂಕೆಟ್ ಹನ್ನೊಂದು ಜನರನ್ನು ಒಟ್ಟಿಗೆ ನಿಲ್ಲಿಸಲಿಲ್ಲ. ಏಳು ಜನರನ್ನು ಆರಿಸಿದರು. ನಾಲ್ವರನ್ನು ಬದಿಗಿಟ್ಟರು. ಆರೋಪ ಮುದುಕನ ಕೊಲೆಯದಲ್ಲ, ಒಂದು ಮಗುವಿನ ಕೊಲೆಯದು. ಆರೋಪಪಟ್ಟಿಯಲ್ಲಿ ಒಂದೇ ಸಂಗತಿಯನ್ನು ಬೇರೆ ಬೇರೆ ರೀತಿಯಲ್ಲಿ ಬರೆದು ಹಲವು ಕಲಂ ಮಾಡಿದರು. ಒಂದು ಬಿದ್ದರೂ ಇನ್ನೊಂದು ನಿಲ್ಲಬೇಕು ಅಂತ. ಬೂದಿಯಲ್ಲಿ ಮಗುವಿನ ಎಲುಬು, ಹಲ್ಲು ಸಿಕ್ಕಿದ್ದವು. ದೊಡ್ಡವರ ದೇಹ ಯಾರದು ಅಂತ ವಾದ ಮಾಡಬಹುದು. ಪುಟ್ಟ ಎಲುಬು ಮಗುವಿನದು ಅನ್ನುವುದಕ್ಕೆ ವಾದ ಯಾಕೆ? ಸುಮ್ನೆ ಒಮ್ಮೆ ಯೋಚಿಸಿ ನೋಡಿ. ಒಬ್ಬ ಮನುಷ್ಯ ದೀಪದ ಬೆಳಕಲ್ಲಿ ಕೂತು, ಯಾವ ಸಾವನ್ನು ಜ್ಯೂರಿಯ ಹನ್ನೆರಡು ಜನ ಅಲ್ಲಗಳೆಯಲಾರರು ಅಂತ ಹುಡುಕುತ್ತಿದ್ದಾನೆ.

ಎದುರು ವಕೀಲರು ಇದು ಎರಡನೇ ವಿಚಾರಣೆ, ನಡೆಯಕೂಡದು ಅಂತ ಹೋರಾಡಿದರು. ಕೋರ್ಟು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ನ್ಯಾಯಾಧೀಶ ವಿಲಿಯಂ ಬರ್ಟನ್ ಮುಂದೆ, ಬೇರೆ ಜ್ಯೂರಿಯ ಮುಂದೆ ವಿಚಾರಣೆ ಆಯಿತು. ಜ್ಯೂರಿಯ ಮುಖ್ಯಸ್ಥ ಬಾಯಿ ತಪ್ಪಿ ನಿರ್ದೋಷಿಗಳು ಅಂದುಬಿಟ್ಟ. ಜ್ಯೂರಿಯ ಇನ್ನೊಬ್ಬ ತಕ್ಷಣ ತಡೆದು, ಅದು ತಪ್ಪು, ಮೊದಲ ಕೆಲವು ಕಲಂಗಳಲ್ಲಿ ತಪ್ಪಿತಸ್ಥರು ಅಂತ ಸರಿಪಡಿಸಿದ. ಹಲವು ಕಲಂ ಬರೆದದ್ದು ಸಾರ್ಥಕವಾಯಿತು.

1838ರ ಡಿಸೆಂಬರ್ 18ರಂದು ಸಿಡ್ನಿ ಜೈಲಿನಲ್ಲಿ ಏಳು ಜನರಿಗೆ ನೇಣಾಯಿತು. ಕಿಲ್ಮೈಸ್ಟರ್ ಕೂಡ ಅವರಲ್ಲಿದ್ದ.

ಉಳಿದ ನಾಲ್ವರು? ಫ್ಲೆಮಿಂಗ್?

ನಾಲ್ವರ ವಿರುದ್ಧ ಪ್ಲಂಕೆಟ್ ನಂಬಿಕೊಂಡಿದ್ದು ಒಬ್ಬ ಸಾಕ್ಷಿಯನ್ನು. ಯಿಂತಯಿಂತಿನ್, ದೊಡ್ಡಿಯಲ್ಲಿ ಡೇವಿ ಅಂತ ಕರೆಯುತ್ತಿದ್ದ ಮೂಲನಿವಾಸಿ ಯುವಕ. ಕೊಲೆಗಾರರ ಹಿಂದೆ ಹೋಗಿ ಕಣ್ಣಾರೆ ನೋಡಿದವನು ಅವನೇ. ಆದರೆ ಅವನು ಕಾಣೆಯಾದ. ಮತ್ತೆ ಸಿಗಲೇ ಇಲ್ಲ. 1839ರ ಫೆಬ್ರವರಿಯಲ್ಲಿ ನಾಲ್ವರನ್ನೂ ಬಿಡಬೇಕಾಯಿತು. ಫ್ಲೆಮಿಂಗ್ ತಲೆಗೆ ಬಹುಮಾನ ಕಟ್ಟಿದ್ದರೂ ಸಿಕ್ಕಲಿಲ್ಲ. ಅವನು 1894ರವರೆಗೆ ಊರಲ್ಲಿ ಗೌರವಸ್ಥನಾಗಿ ಬಾಳಿದ.

ಮೂಲನಿವಾಸಿಗಳನ್ನು ಕೊಂದದ್ದಕ್ಕೆ ಬಿಳಿಯರಿಗೆ ನೇಣಾದದ್ದು ಇದೇ ಮೊದಲಾ?

ಹಾಗೆ ಎಷ್ಟೋ ಕಡೆ ಬರೆದಿರುತ್ತಾರೆ, ಆದರೆ ಅದು ಸರಿಯಲ್ಲ. 1820ರಲ್ಲೇ ನ್ಯೂಕ್ಯಾಸಲ್ ಹತ್ತಿರ ಬುರಗಾಂಗ್ ಎಂಬವನನ್ನು ಕೊಂದ ಜಾನ್ ಕರ್ಬಿ ಎಂಬ ಕೈದಿಗೆ ನೇಣಾಗಿತ್ತು. ಮೈಯಲ್ ಕ್ರೀಕ್ ಅಪರೂಪವಾಗಿದ್ದು ಬೇರೆ ಕಾರಣಕ್ಕೆ. ಇಂಥ ಸಾಮೂಹಿಕ ಕೊಲೆಯಲ್ಲಿ ಏಳು ಜನರಿಗೆ ಒಟ್ಟಿಗೆ ಶಿಕ್ಷೆಯಾದದ್ದು ಬೇರೆ ಇಲ್ಲ. ಇದಾದ ಮೇಲೆ ಕೊಲೆಗಳು ನಿಂತವು ಅಂತಲೂ ಅಂದುಕೊಳ್ಳಬೇಡಿ. ಇನ್ನಷ್ಟು ಗುಟ್ಟಾಗಿ ನಡೆದವು.

ಡೇವಿ ಸಿಕ್ಕಿದ್ದರೆ ಅವನ ಮಾತನ್ನು ಕೋರ್ಟು ಕೇಳುತ್ತಿತ್ತಾ?

ಸುಲಭವಾಗಿ ಇಲ್ಲ. ಸಾಕ್ಷಿ ಹೇಳಬೇಕಾದರೆ ದೇವರ ಮೇಲೆ ಆಣೆ ಮಾಡಬೇಕು. ಬೈಬಲ್ಲು, ಪಾಪ, ಸತ್ತ ಮೇಲಿನ ಶಿಕ್ಷೆ ಇವನ್ನೆಲ್ಲ ನಂಬುವವನ ಆಣೆಗೆ ಮಾತ್ರ ಬೆಲೆ. ಕ್ರೈಸ್ತನಲ್ಲದ ಮೂಲನಿವಾಸಿಯ ಆಣೆಯನ್ನು ಕೋರ್ಟು ಒಪ್ಪುತ್ತಿರಲಿಲ್ಲ. ಅಂದರೆ ನೋಡಿದವರೆಲ್ಲ ಮೂಲನಿವಾಸಿಗಳೇ ಆಗಿದ್ದರೆ ಕೊಲೆಗೆ ಸಾಕ್ಷಿಯೇ ಇಲ್ಲ! ಡೇವಿಗೆ ಆಣೆಯ ಅರ್ಥ ಕಲಿಸಿ ಕೋರ್ಟಿಗೆ ಕರೆತರುವ ಯೋಚನೆ ಇತ್ತು.

ಈ ಅನ್ಯಾಯವನ್ನು ತಿದ್ದಲು ಪ್ಲಂಕೆಟ್ ವರ್ಷಗಟ್ಟಲೆ ಒದ್ದಾಡಿದರು. 1839ರಲ್ಲಿ ಗಿಪ್ಸ್ ಕಾಲದಲ್ಲೇ ಕಾನೂನು ಪಾಸಾಯಿತು, ಲಂಡನ್ ಅದನ್ನು ತಳ್ಳಿಹಾಕಿತು. ಆಮೇಲೆ ಲಂಡನ್ ಒಪ್ಪಿತು. 1844ರಲ್ಲಿ ಪ್ಲಂಕೆಟ್ ಮತ್ತೆ ಮಸೂದೆ ತಂದರು, ಈ ಸಲ ಸಿಡ್ನಿಯ ಶಾಸನ ಸಭೆಯೇ ಬೀಳಿಸಿತು. ಆ ಸಭೆಯಲ್ಲಿ ಕೂತವರಲ್ಲಿ ಜಮೀನುದಾರರೇ ಜಾಸ್ತಿ. 1849ರಲ್ಲಿ ಇನ್ನೊಮ್ಮೆ ಪ್ರಯತ್ನ, ಇನ್ನೊಮ್ಮೆ ಸೋಲು. ಕೊನೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ದಾರಿ ತೆರೆದದ್ದು 1876ರಲ್ಲಿ. ಪ್ಲಂಕೆಟ್ ತೀರಿಕೊಂಡು ಏಳು ವರ್ಷವಾಗಿತ್ತು.

ಹಾಗಾದರೆ ಅವರು ಮೂಲನಿವಾಸಿಗಳ ಪರ ಇದ್ದವರು ಅನ್ನಬಹುದಾ?

ಕಾನೂನಿನ ಪರ ಇದ್ದವರು ಅನ್ನುವುದು ಸರಿ. ಕೊಲೆ ಅಂದರೆ ಕೊಲೆ, ಯಾರು ಯಾರನ್ನು ಕೊಂದರೂ ಅನ್ನುವುದು ಅವರ ನಿಲುವು. ಅದೇ ನಿಲುವಿನಿಂದ 1836ರಲ್ಲಿ ಜಾಕ್ ಕಾಂಗೊ ಮರೆಲ್ ಎಂಬ ಮೂಲನಿವಾಸಿಯ ಮೇಲೂ ಕೇಸು ನಡೆಸಿದರು. ಅವನು ಕೊಂದ ಅನ್ನುವ ಆರೋಪ ಇದ್ದದ್ದು ತನ್ನ ಜನರಲ್ಲೇ ಒಬ್ಬನನ್ನು. ಅದು ನಮ್ಮ ಕಟ್ಟಳೆಯ ವಿಷಯ, ಬ್ರಿಟಿಷ್ ಕೋರ್ಟಿಗೆ ಸಂಬಂಧವಿಲ್ಲ ಅನ್ನುವ ವಾದವನ್ನು ಕೋರ್ಟು ತಳ್ಳಿತು. ಜ್ಯೂರಿ ಮರೆಲ್‌ನನ್ನು ಬಿಟ್ಟಿತು, ಆದರೆ ಈ ನೆಲದಲ್ಲಿ ಇರುವುದು ಬ್ರಿಟಿಷ್ ಕಾನೂನು ಒಂದೇ ಅನ್ನುವ ಮಾತು ಗಟ್ಟಿಯಾಯಿತು. ಆ ಮಾತು ಮೂಲನಿವಾಸಿಗಳಿಂದ ಬಹಳಷ್ಟನ್ನು ಕಿತ್ತುಕೊಂಡಿತು.

ಇನ್ನೂ ಒಂದು. 1838ರ ಜನವರಿಯಲ್ಲಿ, ಮೈಯಲ್ ಕ್ರೀಕ್‌ಗೆ ಕೆಲವೇ ತಿಂಗಳ ಮೊದಲು, ಮೇಜರ್ ನನ್ ಮುಂದಾಳತ್ವದ ಪೊಲೀಸ್ ಪಡೆ ವಾಟರ್‌ಲೂ ಕ್ರೀಕ್‌ನಲ್ಲಿ ಅದೇ ಗಮಿಲರಾಯ್ ಜನರನ್ನು ಕೊಂದಿತ್ತು. ವಿಚಾರಣೆ ಅಂತ ಒಂದು ನಡೆಯಿತು. ಯಾರ ಮೇಲೂ ಕೇಸಾಗಲಿಲ್ಲ. ಕೈದಿ ಆಳುಗಳನ್ನು ಹಿಡಿಯಬಹುದಿತ್ತು, ಸರ್ಕಾರದ ಮೇಜರನ್ನು ಹಿಡಿಯಲು ಆ ಸರ್ಕಾರಕ್ಕೆ ಕೈ ಬರಲಿಲ್ಲ. ಪ್ಲಂಕೆಟ್ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೂ ಇದನ್ನು ಮುಚ್ಚಿಡಲು ಮನಸ್ಸಾಗುವುದಿಲ್ಲ.

ಚರ್ಚ್ ಕಾಯ್ದೆ ಅಂದರೆ ಏನು?

ಪ್ಲಂಕೆಟ್ ತಮ್ಮ ಜೀವಮಾನದ ದೊಡ್ಡ ಕೆಲಸ ಅಂತ ತಿಳಿದದ್ದು ಇದನ್ನೇ. ವಸಾಹತಿನ ಜನರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕ್ಯಾಥೊಲಿಕರು. ಆದರೆ ಸರ್ಕಾರದ ದುಡ್ಡಿನ ದೊಡ್ಡ ಪಾಲು ಹೋಗುತ್ತಿದ್ದುದು ಇಂಗ್ಲೆಂಡ್ ಚರ್ಚಿಗೆ, ಅಂದರೆ ಆಂಗ್ಲಿಕನ್ ಪಂಗಡಕ್ಕೆ. ಗವರ್ನರ್ ರಿಚರ್ಡ್ ಬರ್ಕ್ ಇದನ್ನು ಬದಲಿಸಬೇಕೆಂದರು. ಪ್ಲಂಕೆಟ್ ಕಾನೂನು ಬರೆದುಕೊಟ್ಟರು. 1836ರಲ್ಲಿ ಪಾಸಾಯಿತು. ಲೆಕ್ಕ ಸರಳ. ಊರವರು 300 ಪೌಂಡ್ ಕೂಡಿಸಿದರೆ ಸರ್ಕಾರವೂ ಅಷ್ಟೇ ಕೊಡುತ್ತದೆ, ಸಾವಿರ ಪೌಂಡ್‌ವರೆಗೆ. 100 ಜನ ದೊಡ್ಡವರು ಸೇರಿದರೆ ಪಾದ್ರಿಗೆ ವರ್ಷಕ್ಕೆ 100 ಪೌಂಡ್, 200 ಜನಕ್ಕೆ 150, 500 ಜನಕ್ಕೆ 200. ಆಂಗ್ಲಿಕನ್, ಕ್ಯಾಥೊಲಿಕ್, ಪ್ರೆಸ್ಬಿಟೇರಿಯನ್ ಎಲ್ಲರಿಗೂ ಒಂದೇ ಅಳತೆ. ಟ್ರಿನಿಟಿಯಲ್ಲಿ ಅರ್ಧ ತೆರೆದ ಬಾಗಿಲು ಕಂಡಿದ್ದ ಹುಡುಗ ಬರೆದ ಕಾನೂನು ಇದು.

ಪುಸ್ತಕವೂ ಬರೆದಿದ್ದರಂತೆ?

ಹೌದು. 1835ರಲ್ಲಿ ‘ದಿ ಆಸ್ಟ್ರೇಲಿಯನ್ ಮ್ಯಾಜಿಸ್ಟ್ರೇಟ್’. ಹಳ್ಳಿಗಾಡಿನ ಮ್ಯಾಜಿಸ್ಟ್ರೇಟರಲ್ಲಿ ಕಾನೂನು ಓದಿದವರು ಕಡಿಮೆ. ಹೆಚ್ಚಿನವರು ಜಮೀನುದಾರರು, ತಮ್ಮಂಥವರ ಆಳುಗಳಿಗೆ ತಾವೇ ಛಡಿ ಏಟು ವಿಧಿಸುವವರು. ಅವರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಅಂತ ಅಚ್ಚಿನಲ್ಲಿ ತೋರಿಸಿದ ಕೈಪಿಡಿ ಅದು.

ರಾಜಕೀಯಕ್ಕೆ ಯಾವಾಗ ಬಂದರು? ಪ್ರೀಮಿಯರ್ ಆದರಾ?

ಪ್ರೀಮಿಯರ್, ಅಂದರೆ ಅಲ್ಲಿನ ಮುಖ್ಯಮಂತ್ರಿ, ಆಗಲಿಲ್ಲ. 1856ರಲ್ಲಿ ಜನ ಆರಿಸಿದ ಸರ್ಕಾರ ಬಂದಾಗ ಅಟಾರ್ನಿ ಜನರಲ್ ಹುದ್ದೆ ಬಿಟ್ಟು ಆರ್ಗೈಲ್ ಕ್ಷೇತ್ರದಿಂದ ವಿಧಾನಸಭೆಗೆ ಬಂದರು. 1857ರಲ್ಲಿ ಮೇಲ್ಮನೆಯ ಸಭಾಪತಿ.

ಇದಲ್ಲದೆ 1848ರಿಂದ ರಾಷ್ಟ್ರೀಯ ಶಿಕ್ಷಣ ಮಂಡಳಿಯ ಅಧ್ಯಕ್ಷರೂ ಅವರೇ. ಎಲ್ಲ ಪಂಗಡದ ಮಕ್ಕಳೂ ಒಂದೇ ಸರ್ಕಾರಿ ಶಾಲೆಯಲ್ಲಿ ಕೂತು ಓದಲಿ ಅನ್ನುವ ಐರ್ಲೆಂಡಿನ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಲು ಹತ್ತು ವರ್ಷ ದುಡಿದರು. ಅವರ ಚರ್ಚಿನ ಹಿರಿಯರಿಗೇ ಅದು ಇಷ್ಟವಿರಲಿಲ್ಲ. ಆದರೂ ಬಿಡಲಿಲ್ಲ. 1858ರಲ್ಲಿ ಮಂಡಳಿಯ ನಿಯಮಗಳ ವಿಷಯಕ್ಕೆ ಪ್ರೀಮಿಯರ್ ಚಾರ್ಲ್ಸ್ ಕೌಪರ್ ಜೊತೆ ಜಟಾಪಟಿಯಾಯಿತು. ಖಾರದ ಕಾಗದಗಳು ಪೇಪರಿನಲ್ಲಿ ಬಂದವು. ಕೌಪರ್ ಸರ್ಕಾರ ಅವರನ್ನು ಮಂಡಳಿಯಿಂದ ವಜಾ ಮಾಡಿತು. ಪ್ಲಂಕೆಟ್ ಸಭಾಪತಿ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಹೊರಬಂದರು. ಏಳು ವರ್ಷದ ಮೇಲೆ, 1865ರಲ್ಲಿ, ಅದೇ ಕೌಪರ್ ಸರ್ಕಾರದಲ್ಲಿ ಮತ್ತೆ ಸ್ವಲ್ಪ ಕಾಲ ಅಟಾರ್ನಿ ಜನರಲ್ ಆದರು. ರಾಜಕೀಯ ಎಲ್ಲ ಕಡೆ ಹಾಗೇ, ಅಲ್ವಾ?

ಈ ಕಥೆಗೂ ನಮ್ಮ ಕಡೆಗೂ ಏನಾದರೂ ನಂಟಿದೆಯಾ?

ಒಂದು ಎಳೆ ಇದೆ. ಎರಡನೇ ವಿಚಾರಣೆ ನಡೆಸಿದ ನ್ಯಾಯಾಧೀಶ ಬರ್ಟನ್ 1844ರಲ್ಲಿ ಮದ್ರಾಸಿನ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರಾಗಿ ಬಂದರು. ಹತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇದ್ದು 1857ರಲ್ಲಿ ಸಿಡ್ನಿಗೆ ಮರಳಿದರು. ಮರುವರ್ಷ ಪ್ಲಂಕೆಟ್ ಬಿಟ್ಟ ಸಭಾಪತಿ ಕುರ್ಚಿಯಲ್ಲಿ ಬಂದು ಕೂತವರು ಇದೇ ಬರ್ಟನ್.

ಮನೆ, ಸಂಸಾರ?

ಹೆಂಡತಿ ಮರಿಯಾ ಶಾರ್ಲೆಟ್. ಮಕ್ಕಳಿರಲಿಲ್ಲ. ಸಂಗೀತದ ಹುಚ್ಚಿತ್ತು, ಪಿಟೀಲು ನುಡಿಸುತ್ತಿದ್ದರು. ಊರಿನ ಐರಿಶ್ ಹಾಡುಗಳೆಂದರೆ ಪ್ರಾಣ.

ಕೊನೆಗಾಲ ಹೇಗಿತ್ತು? ಈಗ ಹೋದರೆ ಏನು ನೋಡಬಹುದು?

1869ರ ಮೇ 9ರಂದು ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಚರ್ಚಿನ ಸಭೆಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. ದೇಹವನ್ನು ಸಿಡ್ನಿಗೆ ತಂದು ಡೆವನ್‌ಶೈರ್ ಸ್ಟ್ರೀಟ್ ಸ್ಮಶಾನದಲ್ಲಿ, ಹಡಗಿನ ಗೆಳೆಯ ಮೆಕೆನ್‌ಕ್ರೋ ಪಕ್ಕದಲ್ಲಿ ಮಣ್ಣು ಮಾಡಿದರು. 1901ರಲ್ಲಿ ಆ ಸ್ಮಶಾನವನ್ನೇ ತೆರವು ಮಾಡಿ ಸೆಂಟ್ರಲ್ ರೈಲು ನಿಲ್ದಾಣ ಕಟ್ಟಿದರು. ಸಿಡ್ನಿಯಲ್ಲಿ ಇಳಿದು ರೈಲು ಹಿಡಿಯುವ ನಮ್ಮವರೆಲ್ಲ ಆ ಜಾಗವನ್ನು ದಾಟಿಯೇ ಇರುತ್ತಾರೆ. ವುಲ್ಲೂಮೂಲೂನಲ್ಲಿ ಪ್ಲಂಕೆಟ್ ಸ್ಟ್ರೀಟ್ ಹೆಸರಿನ ಸರ್ಕಾರಿ ಶಾಲೆಯೊಂದಿದೆ.

ಆದರೆ ಸಮಯವಿದ್ದರೆ ಮೈಯಲ್ ಕ್ರೀಕ್‌ಗೇ ಹೋಗಿ. ಬಿಂಗಾರಾ ಮತ್ತು ಡೆಲುಂಗ್ರಾ ಊರುಗಳ ನಡುವೆ ಇದೆ. 2000ನೇ ಇಸವಿಯ ಜೂನ್ 10ರಂದು ಸ್ಮಾರಕ ತೆರೆದರು. ಕೊಂದವರ ವಂಶದವರೂ ಸತ್ತವರ ವಂಶದವರೂ ಅಲ್ಲಿ ಒಟ್ಟಿಗೆ ನಿಂತಿದ್ದರು. 2008ರಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು. ಸುತ್ತಿಬಳಸಿ ಹೋಗುವ ಕಾಲುದಾರಿ, ದಾರಿಯುದ್ದಕ್ಕೂ ಕಲ್ಲುಗಳು, ಕಲ್ಲಿನ ಮೇಲೆ ಇಂಗ್ಲಿಷಿನಲ್ಲೂ ಗಮಿಲರಾಯ್ ಭಾಷೆಯಲ್ಲೂ ನಡೆದ ಕಥೆ. ದಾರಿ ಮುಗಿಯುವಲ್ಲಿ ಒಂದು ದೊಡ್ಡ ಗ್ರಾನೈಟ್ ಬಂಡೆ. ಪ್ರತಿವರ್ಷ ಜೂನ್ ತಿಂಗಳ ದೀರ್ಘ ರಜೆಯ ಭಾನುವಾರ ಜನ ಸೇರುತ್ತಾರೆ. ಹೊರಗಿನವರೂ ಹೋಗಬಹುದು. ಅಲ್ಲಿ ಆಗ ಚಳಿಗಾಲ, ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ.